ಮಿಸ್ಟ್ರೆಸ್ ಎಂದರೆ ಯಾರು?

ಒಂದೇ ಪಾತ್ರೆಯಲ್ಲಿ ಬೆಳಿಗ್ಗೆ ಹಾಲು ಕಾಯಿಸಿ, ಮಧ್ಯಾಹ್ನ ಸಾರು ಕುದಿಸಿ, ಸಂಜೆ ಅದನ್ನೇ ದನದ ಮುಸುರೆಗೆ ಇಟ್ಟರೆ ನಮ್ಮ ಅತ್ತೆಯವರು ಸುಮ್ಮನಿರುತ್ತಿರಲಿಲ್ಲ. ಇಂಗ್ಲಿಷ್ ಭಾಷೆಗೆ ಅಂಥ ಅತ್ತೆ ಯಾರೂ ಇರಲಿಲ್ಲವೆಂದು ಕಾಣುತ್ತದೆ. ‘ಮಿಸ್ಟ್ರೆಸ್’ ಎಂಬ ಒಂದೇ ಮಾತಿನಲ್ಲಿ ಅವರು ಮನೆಯ ಯಜಮಾನಿಯನ್ನು ಇಟ್ಟರು, ಪಾಠ ಹೇಳುವ ಟೀಚರನ್ನು ಇಟ್ಟರು, ಕವಿಯ ನಲ್ಲೆಯನ್ನು ಇಟ್ಟರು, ಕೊನೆಗೆ ಹೆಂಡತಿ ಇರುವ ಗಂಡಸು ಗುಟ್ಟಾಗಿ ಇಟ್ಟುಕೊಂಡವಳನ್ನೂ ತಂದು ಅದರಲ್ಲೇ ಇಟ್ಟರು.

ನಾನು ಇಂಗ್ಲಿಷ್ ಟೀಚರು. ನನ್ನ ಮೇಲಿನವರ ಕೋಣೆಯ ಬಾಗಿಲ ಮೇಲೆ ‘ಹೆಡ್‌ಮಿಸ್ಟ್ರೆಸ್’ ಎಂಬ ಹಲಗೆ ಇದೆ. ಕೆಳಗಿನ ತರಗತಿಯ ಮಕ್ಕಳು ನನ್ನನ್ನು ‘ಮಿಸ್’ ಎನ್ನುತ್ತಾರೆ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ನಾನು ಅವರಿಗೆ ಮಿಸ್ಸೇ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಿಸೆಸ್. ಈ ಮಿಸ್, ಮಿಸೆಸ್ ಎರಡೂ ಮಿಸ್ಟ್ರೆಸ್ಸಿನ ತುಂಡುಗಳೇ. ಒಂದು ಸಲ ಒಂಬತ್ತನೇ ತರಗತಿಯಲ್ಲಿ ಪೇಪರು ಓದಿಸುವಾಗ ಯಾವನೋ ದೊಡ್ಡ ಮನುಷ್ಯನ ಸುದ್ದಿಯಲ್ಲಿ ಈ ಪದ ಬಂತು. ಹಿಂದಿನ ಬೆಂಚಿನ ಇಬ್ಬರು ಹುಡುಗಿಯರು ಬಾಯಿಗೆ ದುಪಟ್ಟಾ ಒತ್ತಿಕೊಂಡು ಬಾಗಿಲ ಕಡೆ ನೋಡಿದರು. ಅವರು ನಗುತ್ತಿದ್ದುದು ಹೆಡ್‌ಮಿಸ್ಟ್ರೆಸ್ಸರ ಕೋಣೆಯ ಹಲಗೆಯನ್ನು ನೆನೆದು. ನಾನು ಗದರಲಿಲ್ಲ. ಅವರ ನಗುವಿನಲ್ಲಿ ತಪ್ಪೇನೂ ಇರಲಿಲ್ಲ; ನಗು ಬರುವ ಹಾಗೆ ಮಾಡಿಟ್ಟವರು ಬೇರೆ.

ಮೂಲದಲ್ಲಿ ಇದು ಗೌರವದ ಮನೆಯಿಂದಲೇ ಬಂದ ಮಾತು. ಲ್ಯಾಟಿನ್ನಿನ ‘ಮಜಿಸ್ಟರ್’ ಅಂದರೆ ಹಿರಿಯ, ಗುರು, ಒಡೆಯ. ಅದರಿಂದ ಇಂಗ್ಲಿಷಿನ ಮಾಸ್ಟರ್. ಫ್ರೆಂಚಿನ ದಾರಿಯಲ್ಲಿ ಹೆಣ್ಣುರೂಪ ತಾಳಿ ಬಂದದ್ದು ಮಿಸ್ಟ್ರೆಸ್. ಅದೇ ಬೇರು ಪೋರ್ಚುಗೀಸರ ಹಡಗು ಹತ್ತಿ ‘ಮೆಸ್ತ್ರೆ’ ಆಗಿ ನಮ್ಮ ಕರಾವಳಿಗೆ ಬಂದಿಳಿದು ಗಾರೆ ಕೆಲಸದ ಮೇಸ್ತ್ರಿಯಾಯಿತು. ಮನೆ ಕಟ್ಟುವ ಮೇಸ್ತ್ರಿ, ಬಟ್ಟೆ ಹೊಲಿಯುವ ಟೈಲರ್ ಮಾಸ್ಟರು, ಮಿಸ್ಸು ಎಲ್ಲ ಒಂದೇ ಮನೆತನದವರು. ನೆಂಟರ ಪೈಕಿ ಗಂಡಸರು ಯಾರೂ ಕೆಟ್ಟಿಲ್ಲ ಎಂಬುದನ್ನು ನೀವೇ ಗಮನಿಸಿ. ಸ್ಟೇಷನ್ ಮಾಸ್ಟರು, ಪೋಸ್ಟ್ ಮಾಸ್ಟರು, ಮಾಸ್ಟರ್ ಪ್ಲಾನು, ಮಾಸ್ಟರ್ ಕೀ. ಹೆಣ್ಣುಮಕ್ಕಳು ಎಂ.ಎ. ಪಾಸು ಮಾಡಿದರೂ ನಮ್ಮ ವಿಶ್ವವಿದ್ಯಾಲಯಗಳು ಕೊಡುವುದು ಮಾಸ್ಟರ್ ಆಫ್ ಆರ್ಟ್ಸ್. ‘ಮಿಸ್ಟ್ರೆಸ್ ಆಫ್ ಆರ್ಟ್ಸ್’ ಎಂದು ಅಚ್ಚು ಹಾಕಿಸಿ ಕೊಟ್ಟರೆ ಆ ಸರ್ಟಿಫಿಕೇಟನ್ನು ಯಾವ ತಂದೆ ಗಂಡಿನ ಕಡೆಯವರಿಗೆ ತೋರಿಸಿಯಾನು? ಅಮೆರಿಕದ ರಾಬಿನ್ ಲೇಕಾಫ್ ಎಂಬ ಭಾಷಾವಿಜ್ಞಾನಿ 1975ರಲ್ಲಿ ಪುಸ್ತಕವಾಗಿ ಬಂದ ತಮ್ಮ ‘ಲ್ಯಾಂಗ್ವೇಜ್ ಅಂಡ್ ವುಮನ್ಸ್ ಪ್ಲೇಸ್’ನಲ್ಲಿ ಈ ಜೋಡಿಯನ್ನೇ ಎತ್ತಿಕೊಂಡು, ಗಂಡು ಮಾತು ಅಧಿಕಾರದ ಕಡೆಗೂ ಹೆಣ್ಣು ಮಾತು ಹಾಸಿಗೆಯ ಕಡೆಗೂ ಹೋದದ್ದನ್ನು ತೋರಿಸಿದ್ದಾರೆ.

ಮೊದಲೇ ಹೀಗಿರಲಿಲ್ಲ. ಷೇಕ್ಸ್‌ಪಿಯರನ ವಿಂಡ್ಸರ್ ಊರಿನ ನಗೆನಾಟಕದಲ್ಲಿ ತಾಯಿ ಮಿಸ್ಟ್ರೆಸ್ ಪೇಜ್. ಮದುವೆಯಾಗದ ಮಗಳೂ ಮಿಸ್ಟ್ರೆಸ್ ಆ್ಯನ್ ಪೇಜ್. 1755ರಲ್ಲಿ ಸ್ಯಾಮ್ಯುಯಲ್ ಜಾನ್ಸನ್ ಹೊರತಂದ ನಿಘಂಟಿನಲ್ಲಿ ಮಿಸ್ಟ್ರೆಸ್ ಎಂದರೆ ಮೊದಲು ಆಳುವವಳು. ಆಮೇಲೆ ಯಾವುದಾದರೂ ವಿದ್ಯೆಯಲ್ಲಿ ಪಳಗಿದವಳು, ಕಲಿಸುವವಳು, ಪ್ರೀತಿಸಲ್ಪಟ್ಟವಳು. ತೀರ ಕೊನೆಯಲ್ಲಿ ಇಟ್ಟುಕೊಂಡವಳು. ಮದುವೆಯಾದವಳು ಎಂಬ ಅರ್ಥ ಅದರಲ್ಲಿ ಇಲ್ಲವೇ ಇಲ್ಲ. ಕೇಂಬ್ರಿಜ್‌ನ ಇತಿಹಾಸಕಾರ್ತಿ ಏಮಿ ಎರಿಕ್ಸನ್ 2014ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆ ಕಾಲದಲ್ಲಿ ಅಂಗಡಿ ನಡೆಸುವವಳು, ಆಳುಕಾಳು ಇಟ್ಟುಕೊಂಡವಳು ಮಿಸೆಸ್. ಗಂಡನಿದ್ದಾನೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ. ಜಾನ್ಸನ್ನನ ಗೆಳತಿ ಎಲಿಜಬೆತ್ ಕಾರ್ಟರ್ ಗ್ರೀಕ್ ಕಲಿತು ಎಪಿಕ್ಟೆಟಸನನ್ನು ಇಂಗ್ಲಿಷಿಗೆ ತಂದ ವಿದುಷಿ. ಕೊನೆಯವರೆಗೂ ಮದುವೆಯಾಗಲಿಲ್ಲ. ಆದರೂ ಊರಿಗೆಲ್ಲ ಅವಳು ಮಿಸೆಸ್ ಕಾರ್ಟರ್. ಆಮೇಲೆ ನಿಧಾನವಾಗಿ ಅಂಗಡಿಯೂ ಆಳೂ ಮರೆತುಹೋಗಿ ಗಂಡನೊಬ್ಬನೇ ಆ ಬಿರುದಿಗೆ ಆಧಾರವಾಗಿ ಉಳಿದ. ತಾಯಿಪದವಾದ ಮಿಸ್ಟ್ರೆಸ್ಸಿಗೆ ಹಿಂದಿನ ಬಾಗಿಲೇ ಗತಿಯಾಯಿತು.

ಈ ಪದದ ಎಲ್ಲ ಅರ್ಥಗಳೂ ಒಂದೇ ಮನೆಯಲ್ಲಿ ಎದುರುಬದುರಾಗುವ ಪುಸ್ತಕವೊಂದಿದೆ. 1847ರ ಅಕ್ಟೋಬರಿನಲ್ಲಿ ಅಚ್ಚಾದ ಷಾರ್ಲೆಟ್ ಬ್ರಾಂಟೆಯ ‘ಜೇನ್ ಏರ್’. ಹೆಣ್ಣು ಬರೆದದ್ದೆಂದು ತಿಳಿಯದಿರಲೆಂದು ಕರರ್ ಬೆಲ್ ಎಂಬ ಹೆಸರಿನಲ್ಲಿ ಅದನ್ನು ಹೊರತಂದಳು. ಬಿ.ಎ.ಯಲ್ಲಿ ನಮಗಿದ್ದದ್ದು ಅದರ ಸಂಕ್ಷಿಪ್ತ ಪುಸ್ತಕ. ಅನಾಥ ಹುಡುಗಿ, ಕೋಪಿಷ್ಠ ಯಜಮಾನ, ಮಾಳಿಗೆಯ ಹುಚ್ಚಿ, ಬೆಂಕಿ, ಮದುವೆ. ಪರೀಕ್ಷೆಗೆ ಅಷ್ಟು ಸಾಕು. ಸಂಕ್ಷೇಪಿಸಿದ ಪುಣ್ಯಾತ್ಮರು ಹುಡುಗಿಯರು ಕೆಡಬಾರದೆಂದು ಪ್ಯಾರಿಸ್ಸಿನ ಹೆಂಗಸರನ್ನೆಲ್ಲ ಕತ್ತರಿಸಿದ್ದರು. ಪೂರ್ತಿ ಕಾದಂಬರಿಯನ್ನು ನಾನು ಓದಿದ್ದು ನಲವತ್ತು ದಾಟಿದ ಮೇಲೆ, ಚುನಾವಣೆ ಕೆಲಸಕ್ಕೆ ಹಾಕಿದ್ದ ಒಂದು ಬೇಸಿಗೆಯಲ್ಲಿ. ಓದಿದಾಗ, ಆ ಕತ್ತರಿಸಿದ ಭಾಗದಲ್ಲೇ ಕಥೆಯ ಕೀಲಿದೆ ಎಂದು ತಿಳಿಯಿತು.

ಜೇನ್ ಗವರ್ನೆಸ್ಸಾಗಿ ಥಾರ್ನ್‌ಫೀಲ್ಡಿನ ದೊಡ್ಡ ಮನೆಗೆ ಬಂದ ರಾತ್ರಿ, ಬೆಂಕಿಯ ಮುಂದೆ ಹೆಣಿಗೆ ಹಿಡಿದು ಕೂತ ಮಿಸೆಸ್ ಫೇರ್‌ಫ್ಯಾಕ್ಸಳನ್ನು ಮನೆಯೊಡತಿ ಎಂದುಕೊಳ್ಳುತ್ತಾಳೆ. ಆಕೆ ಅಲ್ಲಿನ ಮೇಲ್ವಿಚಾರಕಿಯಷ್ಟೇ ಎಂದು ಮಾರನೆಯ ದಿನ ತಿಳಿಯುತ್ತದೆ. ಹಾಗಾದರೆ ಆ ಮನೆಯ ಮಿಸ್ಟ್ರೆಸ್ ಯಾರು? ಕಾದಂಬರಿಯ ಅರ್ಧ ಇದೇ ಪ್ರಶ್ನೆ. ಬ್ಲಾಂಷ್ ಇಂಗ್ರಮ್ ಎಂಬ ದೊಡ್ಡ ಮನೆತನದವಳು ಆ ಸ್ಥಾನಕ್ಕೆ ಹಾತೊರೆಯುತ್ತಾಳೆ. ಜೇನಳ ಮನಸ್ಸಿನಲ್ಲೂ ಆಸೆ ಮೂಡುತ್ತದೆ. ಕಾನೂನಿನ ಪ್ರಕಾರ ಒಡತಿಯಾದವಳು ಮಾತ್ರ ಮೂರನೇ ಅಂತಸ್ತಿನಲ್ಲಿ, ಹೊರಗಿನಿಂದ ಬೀಗ ಹಾಕಿದ ಕೋಣೆಯಲ್ಲಿದ್ದಾಳೆ. ಬರ್ಥಾ ಮೇಸನ್. ಮೂವತ್ತು ಸಾವಿರ ಪೌಂಡು ತಂದವಳು. ಹಣ ಕೆಳಗಿನ ಮನೆಯನ್ನು ಸೇರಿತು, ಅವಳು ಮೇಲಿನ ಕೋಣೆಯನ್ನು ಸೇರಿದಳು.

ಮದುವೆ ಗೊತ್ತಾದ ಮೇಲೆ ರಾಚೆಸ್ಟರ್ ಜೇನಳನ್ನು ಪೇಟೆಗೆ ಕರೆದೊಯ್ದು ರೇಷ್ಮೆ, ಒಡವೆ ಕೊಡಿಸಲು ಹೊರಡುತ್ತಾನೆ. ನಮ್ಮ ಕಡೆಯ ಹುಡುಗಿಯಾದರೆ ಎರಡು ಸೀರೆ ಹೆಚ್ಚಿಗೆ ಆರಿಸಿಕೊಳ್ಳುತ್ತಿದ್ದಳು. ಜೇನ್ ಮುಖ ಸುಡುವಷ್ಟು ಸಂಕೋಚಪಡುತ್ತಾಳೆ. ತಾನು ಅವನ ಇಂಗ್ಲಿಷ್ ಸೆಲೀನ್ ಆಗುವುದಿಲ್ಲ. ಮದುವೆಯಾದ ಮೇಲೂ ಅಡೆಲ್‌ಗೆ ಪಾಠ ಹೇಳಿ ಊಟ ವಸತಿಯನ್ನೂ ವರ್ಷಕ್ಕೆ ಮೂವತ್ತು ಪೌಂಡನ್ನೂ ಸಂಪಾದಿಸಿಕೊಳ್ಳುತ್ತೇನೆ ಎನ್ನುತ್ತಾಳೆ. ಸೆಲೀನ್ ವಾರೆನ್ಸ್ ಅವನು ಹಿಂದೆ ಪ್ಯಾರಿಸ್ಸಿನಲ್ಲಿ ಇಟ್ಟುಕೊಂಡಿದ್ದ ನಾಟಕದವಳು. ಹೆಂಡತಿಯಾಗಲಿರುವವಳಿಗೆ ಆ ಹೆಂಗಸಿನ ನೆನಪು ಏಕೆ ಬರಬೇಕು? ಎರಡಕ್ಕೂ ನಡುವಿನ ಗೋಡೆ ಎಷ್ಟು ತೆಳ್ಳಗಿದೆಯೆಂದು ಆ ಹುಡುಗಿಗೆ ಗೊತ್ತು. ಸಂಬಳ ಬಿಟ್ಟು ಉಡುಗೊರೆಯ ಮೇಲೆ ಬದುಕುವವಳಾದರೆ ಯಾವ ಅರ್ಥದ ಮಿಸ್ಟ್ರೆಸ್ ಆದರೂ ಒಂದೇ. ತಿಂಗಳ ಕೊನೆಗೆ ಸ್ವಂತ ಸಂಬಳ ಎಣಿಸಿಕೊಂಡ ಯಾವ ಹೆಂಗಸಿಗೂ ಈ ಪುಟಕ್ಕೆ ಟಿಪ್ಪಣಿ ಬೇಕಾಗಿಲ್ಲ.

ಚರ್ಚಿನಲ್ಲಿ ಮದುವೆ ನಿಂತುಹೋಗುತ್ತದೆ. ಅವನಿಗೆ ಬದುಕಿರುವ ಹೆಂಡತಿ ಇದ್ದಾಳೆಂದು ಲಾಯರು ಬಂದು ಹೇಳುತ್ತಾನೆ. ಮನೆಗೆ ಬಂದು ರಾಚೆಸ್ಟರ್ ಎಲ್ಲವನ್ನೂ ಬಿಚ್ಚಿಡುತ್ತಾನೆ: ಸೆಲೀನ್, ಆಮೇಲೆ ಇಟಲಿಯ ಜಿಯಾಸಿಂತಾ, ಜರ್ಮನಿಯ ಕ್ಲಾರಾ. ಹೇಳುತ್ತ ಹೇಳುತ್ತ ತಾನೇ ಒಂದು ತೀರ್ಪನ್ನೂ ಕೊಡುತ್ತಾನೆ: ಗುಲಾಮರನ್ನು ಕೊಳ್ಳುವುದಕ್ಕೆ ಎರಡನೆಯದಾದ ಹೀನಕೆಲಸ ಹೆಣ್ಣನ್ನು ಬಾಡಿಗೆಗೆ ಇಟ್ಟುಕೊಳ್ಳುವುದು, ಏಕೆಂದರೆ ಇಬ್ಬರೂ ಕೀಳಿನವರು, ಅವರ ಸಹವಾಸ ನಮ್ಮನ್ನೂ ಕೀಳಾಗಿಸುತ್ತದೆ ಎಂದು. ಇದನ್ನು ಹೇಳಿ ಮುಗಿಸಿದ ಬಾಯಲ್ಲೇ, ಬಾ, ದಕ್ಷಿಣ ಫ್ರಾನ್ಸಿನಲ್ಲಿ ನನ್ನ ಬಂಗಲೆಯಿದೆ, ನನ್ನೊಡನೆ ಇರು ಎಂದು ಕರೆಯುತ್ತಾನೆ! ಜೇನ್ ಅವನ ಮಾತನ್ನು ಪಾಠದ ಹಾಗೆ ಕೇಳಿಸಿಕೊಳ್ಳುತ್ತಾಳೆ. ಆ ಮೂವರ ಬಗ್ಗೆ ಅವನು ಇಂದು ಆಡುತ್ತಿರುವ ಮಾತನ್ನೇ ನಾಳೆ ತನ್ನ ಬಗ್ಗೆಯೂ ಆಡುತ್ತಾನೆ ಎಂದು ಅವಳಿಗೆ ಹೊಳೆಯುತ್ತದೆ. ಅವಳು ಆ ಮನೆ ಬಿಟ್ಟು ನಡೆದದ್ದಕ್ಕೆ ನಮ್ಮ ಪಾಠದ ಪುಸ್ತಕದವರು ದೇವರನ್ನೂ ಶೀಲವನ್ನೂ ಕಾರಣವಾಗಿ ಕೊಟ್ಟಿದ್ದರು. ಅವೂ ಉಂಟು. ಆದರೆ ಲೆಕ್ಕ ಬಲ್ಲ ಹುಡುಗಿಯ ಮುಂದಾಲೋಚನೆಯೂ ಅಷ್ಟೇ ಇದೆ.

ಬೆಳಗಾಗುವ ಮುಂಚೆ ಹೊರಬಿದ್ದ ಜೇನ್, ಹಸಿದು ಬಳಲಿ ಕೊನೆಗೆ ಸೇರುವುದು ಮಾರ್ಟನ್ ಎಂಬ ಹಳ್ಳಿಯ ಹತ್ತಿರದ ಮನೆಗೆ. ಅಲ್ಲಿ ಪಾದ್ರಿ ಸೇಂಟ್ ಜಾನ್ ಅವಳಿಗೊಂದು ಕೆಲಸ ಹುಡುಕುತ್ತಾನೆ. ಯಾವ ಕೆಲಸ? ಹಳ್ಳಿ ಶಾಲೆಯ ಮಿಸ್ಟ್ರೆಸ್! ಒಂದು ಅರ್ಥದಿಂದ ತಪ್ಪಿಸಿಕೊಂಡು ಓಡಿದವಳನ್ನು ಅದೇ ಪದ ಇನ್ನೊಂದು ಅರ್ಥ ಹೊತ್ತು ಎದುರುಗೊಳ್ಳುತ್ತದೆ. ಸಂಬಳ ಇಲ್ಲೂ ಮೂವತ್ತು ಪೌಂಡೇ. ಕೆಳಗೊಂದು ಅಡಿಗೆಮನೆ, ಮೇಲೊಂದು ಮಲಗುವ ಕೋಣೆ. ಮೊದಲ ದಿನ ಬಂದವರು ಇಪ್ಪತ್ತು ಹುಡುಗಿಯರು. ಓದಲು ಬರುವವರು ಮೂವರು, ಬರೆಯಲು ಲೆಕ್ಕ ಮಾಡಲು ಯಾರಿಗೂ ಬಾರದು. ಸಂಜೆ ಬಾಗಿಲಲ್ಲಿ ನಿಂತು ಜೇನ್ ತನ್ನನ್ನೇ ಕೇಳಿಕೊಳ್ಳುತ್ತಾಳೆ: ಫ್ರಾನ್ಸಿನಲ್ಲಿ ಅವನ ಮುದ್ದಿನ ದಾಸಿಯಾಗಿರುವುದು ಮೇಲೋ, ಈ ಗುಡ್ಡದ ಮೂಲೆಯಲ್ಲಿ ಸ್ವತಂತ್ರಳಾದ ಶಾಲಾ ಮಿಸ್ಟ್ರೆಸ್ ಆಗಿರುವುದು ಮೇಲೋ?

ಇಲ್ಲೊಂದು ತಕರಾರು ನನ್ನದಿದೆ. ಅದೇ ಸಂಜೆ ಜೇನ್ ಈ ಕೆಲಸದಿಂದ ತಾನು ಒಂದು ಮೆಟ್ಟಿಲು ಕೆಳಗಿಳಿದೆನೆಂದು ಕೊರಗುತ್ತಾಳೆ. ಮಕ್ಕಳ ಒರಟುತನ, ಅವರಾಡುವ ಹಳ್ಳಿ ಮಾತು ಅವಳಿಗೆ ಹೇಸಿಗೆ. ಹಾಗನ್ನಿಸಿದ್ದು ಮೂರ್ಖತನವೆಂದು ತಾನೇ ಬೈದುಕೊಳ್ಳುತ್ತಾಳೆ, ನಿಜ. ಆದರೂ ಸಿರಿವಂತನ ಮನೆಯಲ್ಲಿ ಒಂದು ಮಗುವಿಗೆ ಪಾಠ ಹೇಳಿದರೆ ಮಾನ, ಹಳ್ಳಿಯ ಇಪ್ಪತ್ತು ಮಕ್ಕಳಿಗೆ ಹೇಳಿದರೆ ಅವಮಾನ ಎಂಬ ಭಾವನೆ ಬ್ರಾಂಟೆಗೆ ಪೂರ್ತಿ ಬಿಟ್ಟಿರಲಿಲ್ಲ. ಅವಳೂ ಟೀಚರೇ. ರೋ ಹೆಡ್ ಶಾಲೆಯಲ್ಲಿ ಪಾಠ ಹೇಳಿ ಬೇಸತ್ತವಳು, ಗವರ್ನೆಸ್ಸಾಗಿ ನೊಂದವಳು. 1844ರಲ್ಲಿ ತಂಗಿಯರೊಡನೆ ತಮ್ಮ ಮನೆಯಲ್ಲೇ ಶಾಲೆ ತೆರೆಯಲು ಕರಪತ್ರ ಅಚ್ಚು ಹಾಕಿಸಿದಳು. ಒಂದು ಮಗುವೂ ಸೇರಲಿಲ್ಲ. ಈ ನೋವು ಗೊತ್ತಿದ್ದರೆ ಪುಸ್ತಕದ ಆ ಸಂಜೆಯ ಕಹಿ ಸ್ವಲ್ಪ ಅರ್ಥವಾಗುತ್ತದೆ. ಸೆಲೀನಳ ಬಗ್ಗೆಯೂ ಬ್ರಾಂಟೆಯ ಮನಸ್ಸು ಗಟ್ಟಿ. ಆ ಹೆಂಗಸಿಗೆ ಒಂದು ಮಾತನ್ನೂ ಆಡಲು ಬಿಡದೆ ರಾಚೆಸ್ಟರನ ಬಾಯಲ್ಲೇ ಅವಳ ಕಥೆ ಮುಗಿಸುತ್ತಾಳೆ. ಬರ್ಥಾಳಿಗೂ ಬಾಯಿಲ್ಲ, ಅವಳಿಗೆ ಮಾತು ಕೊಡಲು 1966ರಲ್ಲಿ ಜೀನ್ ರೀಸ್ ‘ವೈಡ್ ಸರ್ಗಾಸೋ ಸೀ’ ಬರೆಯಬೇಕಾಯಿತು.

ಚಿಕ್ಕಪ್ಪ ಬಿಟ್ಟುಹೋದ ಇಪ್ಪತ್ತು ಸಾವಿರ ಪೌಂಡು ಜೇನಳಿಗೆ ಬರುತ್ತದೆ. ನಾಲ್ಕು ಪಾಲು ಮಾಡಿ ಐದು ಸಾವಿರ ಇಟ್ಟುಕೊಳ್ಳುತ್ತಾಳೆ. ಬೆಂಕಿಯಲ್ಲಿ ಕಣ್ಣು ಕಳೆದುಕೊಂಡ ರಾಚೆಸ್ಟರನನ್ನು ಹುಡುಕಿ ಫರ್ನ್‌ಡೀನಿಗೆ ಹೋಗುತ್ತಾಳೆ. ಅಲ್ಲಿ, ತಾನೀಗ ಹಣವಂತೆ, ಸ್ವತಂತ್ರಳು, ತನಗೆ ತಾನೇ ಮಿಸ್ಟ್ರೆಸ್ ಎಂದು ಅವನಿಗೆ ಹೇಳುತ್ತಾಳೆ. ನೀನು ಇಟ್ಟುಕೊಳ್ಳದಿದ್ದರೆ ಪಕ್ಕದಲ್ಲೇ ನನ್ನದೇ ಮನೆ ಕಟ್ಟಿಕೊಳ್ಳುತ್ತೇನೆ ಎನ್ನುತ್ತಾಳೆ. ಇಡೀ ಕಾದಂಬರಿ ಆ ಪದವನ್ನು ತೊಳೆದು ಬೆಳಗಿ ಈ ಒಂದು ಜಾಗಕ್ಕಾಗಿ ತಂದಿಟ್ಟ ಹಾಗಿದೆ. ಕನ್ನಡಕ್ಕೆ ತರುವವರು ಇಲ್ಲಿ ‘ಒಡತಿ’ ಎನ್ನಬೇಕು. ಮಾರ್ಟನ್ನಿನಲ್ಲಿ ‘ಉಪಾಧ್ಯಾಯಿನಿ’, ಪ್ಯಾರಿಸ್ಸಿನಲ್ಲಿ ‘ಇಟ್ಟುಕೊಂಡವಳು’. ನಮ್ಮ ಭಾಷೆಯಲ್ಲಿ ಮೂರಕ್ಕೆ ಮೂರು ಪಾತ್ರೆ ಬೇರೆ ಬೇರೆ ಇರುವುದರಿಂದ ಮೂಲದ ಗಂಟು ಬಿಚ್ಚಿಹೋಗುತ್ತದೆ. ಅದಕ್ಕೆ ನನಗೇನೂ ದುಃಖವಿಲ್ಲ. ಸಂಸ್ಕೃತದ ವ್ಯಾಕರಣದವರಂತೂ ಇನ್ನೂ ಜಾಣರು: ತಾನೇ ಪಾಠ ಹೇಳುವವಳು ಆಚಾರ್ಯಾ, ಆಚಾರ್ಯನ ಹೆಂಡತಿ ಆಚಾರ್ಯಾನೀ ಎಂದು ಬೇರೆ ಮಾಡಿಟ್ಟರು. ನಮ್ಮೂರಲ್ಲಿ ಇವತ್ತಿಗೂ ಮೇಷ್ಟ್ರ ಹೆಂಡತಿಗೆ ಸಿಗುವ ನಮಸ್ಕಾರ ನನ್ನಂಥ ಟೀಚರಿಗೆ ಸಿಗುವುದಿಲ್ಲ, ಅದು ಬೇರೆ ಮಾತು.

ಆದರೆ ಒಂದು ಅಧ್ಯಾಯ ಕಳೆಯುವಷ್ಟರಲ್ಲಿ ಜೇನ್ ಮದುವೆಯಾಗುತ್ತಾಳೆ. 1847ರ ಇಂಗ್ಲೆಂಡಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣಿನ ಹಣ ಗಂಡನದು. ಮೊದಲೇ ಪತ್ರ ಮಾಡಿಸಿ ಬೇರೆಯವರ ವಶಕ್ಕೆ ಕೊಟ್ಟಿದ್ದರಷ್ಟೇ ಉಳಿಯುತ್ತಿತ್ತು. ಹೆಂಡತಿಗೆ ತನ್ನ ದುಡಿಮೆಯ ಹಣ ಸಿಕ್ಕಿದ್ದು 1870ರ ಕಾಯಿದೆಯಿಂದ, ಆಸ್ತಿಯೆಲ್ಲ ಸಿಕ್ಕಿದ್ದು 1882ರದರಿಂದ. ತನಗೆ ತಾನೇ ಮಿಸ್ಟ್ರೆಸ್ ಎಂದು ಹೇಳಿಕೊಂಡ ಕೆಲವೇ ದಿನಗಳಲ್ಲಿ ಆ ಮಾತು ಸುಳ್ಳಾಗುವ ಮನೆಗೆ ಜೇನ್ ಕಾಲಿಡುತ್ತಾಳೆ. ಐದು ಸಾವಿರ ಏನಾಯಿತೆಂದು ಬ್ರಾಂಟೆ ಹೇಳುವುದಿಲ್ಲ. ಬರ್ಥಾಳ ಮೂವತ್ತು ಸಾವಿರದ ಗತಿ ನೋಡಿದ ಓದುಗಿತ್ತಿಗೆ ಕೇಳಬೇಕೆನಿಸುತ್ತದೆ. ಅಷ್ಟು ಬಿಗಿಯಾಗಿ ಲೆಕ್ಕ ಇಟ್ಟ ಹುಡುಗಿ ಕೊನೆಯಲ್ಲಿ ಲೆಕ್ಕದ ಪುಸ್ತಕವನ್ನೇ ಮುಚ್ಚಿಬಿಟ್ಟಳೇ? ಅದೇ ಫರ್ನ್‌ಡೀನಿನಲ್ಲಿ, ತನ್ನೊಡೆತನ ಸಾರಿದ ಆ ಭೇಟಿಯಲ್ಲೂ, ಅವನನ್ನು ಅವಳು ಕರೆಯುವುದು ‘ಮಾಸ್ಟರ್’ ಎಂದೇ.

ಇದೆಲ್ಲ ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಕಥೆ ಎನ್ನುವಂತಿಲ್ಲ. ಚರ್ಚಿನಲ್ಲಿ ಲಾಯರು ಬರದೇ ಹೋಗಿದ್ದರೆ ಜೇನ್ ಏನಾಗುತ್ತಿದ್ದಳು? ಮೊದಲ ಹೆಂಡತಿ ಇರುವುದು ತಿಳಿಯದೆ ತಾಳಿ ಕಟ್ಟಿಸಿಕೊಂಡವಳು. ಅಂಥವಳಿಗೆ ನಮ್ಮ ದೇಶದಲ್ಲಿ ಏನು ಹೆಸರು? ಬಾಂಬೆ ಹೈಕೋರ್ಟಿನ ಪೂರ್ಣಪೀಠ ಒಂದು ತೀರ್ಪಿನಲ್ಲಿ ಇಂಥ ಹೆಣ್ಣನ್ನು ‘ಅಕ್ರಮ ಪತ್ನಿ’, ‘ನಿಷ್ಠಾವಂತ ಮಿಸ್ಟ್ರೆಸ್’ ಎಂದು ಕರೆದಿತ್ತು. 2010ರಲ್ಲಿ ಸುಪ್ರೀಂ ಕೋರ್ಟೇ ಒಂದು ಜೀವನಾಂಶದ ತೀರ್ಪಿನಲ್ಲಿ ‘ಕೀಪ್’ ಎಂಬ ಮಾತು ಬಳಸಿದಾಗ ಅಂದಿನ ಅಡಿಷನಲ್ ಸಾಲಿಸಿಟರ್ ಜನರಲ್ ಇಂದಿರಾ ಜೈಸಿಂಗ್ ನ್ಯಾಯಾಲಯದಲ್ಲೇ ಆಕ್ಷೇಪಿಸಿದರು. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ನ್ಯಾಯಾಧೀಶರಿಗೂ ವಕೀಲರಿಗೂ ಹೊರಡಿಸಿದ ಕೈಪಿಡಿಯಲ್ಲಿ ಮಿಸ್ಟ್ರೆಸ್, ಕೀಪ್ ಎಂಬ ಪದಗಳನ್ನು ಬಿಡಬೇಕೆಂದಿತು. 2025ರ ಫೆಬ್ರವರಿಯಲ್ಲಿ, ಮದುವೆ ಅಸಿಂಧುವೆಂದು ಘೋಷಿತವಾದರೂ ಹಿಂದೂ ವಿವಾಹ ಕಾಯಿದೆಯ 25ನೇ ಸೆಕ್ಷನ್ನಿನಡಿ ಶಾಶ್ವತ ಜೀವನಾಂಶ ಕೇಳಬಹುದೆಂದು ತೀರ್ಪು ಕೊಡುತ್ತ, ಬಾಂಬೆಯ ಆ ಪದಗಳು ಹೆಣ್ಣಿನ ಘನತೆಗೆ ಕುಂದು ತರುವಂಥವೆಂದು ಸ್ಪಷ್ಟವಾಗಿ ಹೇಳಿತು. ಗಮನಿಸಿ: ಅಂಥ ಮದುವೆ ಮಾಡಿಕೊಂಡ ಗಂಡನಿಗೆ ಆ ತೀರ್ಪಿನಲ್ಲಿ ಇಂಥ ಬಿರುದು ಯಾವುದೂ ಇರಲಿಲ್ಲ. ಅಮೆರಿಕದಲ್ಲೂ 2020ರಲ್ಲಿ ಅಸೋಸಿಯೇಟೆಡ್ ಪ್ರೆಸ್ ತನ್ನ ವರದಿಗಾರರಿಗೆ ಈ ಪದ ಬೇಡವೆಂದಿತು.

ಪದ ತೆಗೆದರೆ ಏನಾದೀತು ಎಂದು ಕೇಳುವವರಿದ್ದಾರೆ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಮಗಳನ್ನು ಎಂಟನೇ ತರಗತಿಗೆ ಸೇರಿಸಲು ಬಂದಿದ್ದಳು. ದೇವಸ್ಥಾನದಲ್ಲಿ ಮದುವೆಯಾಗಿತ್ತು. ಅವನಿಗೆ ಬೇರೆ ಊರಲ್ಲಿ ಸಂಸಾರವಿದ್ದದ್ದು ಮಗು ಹುಟ್ಟಿದ ಮೇಲೆ ತಿಳಿಯಿತು. ಅರ್ಜಿಯಲ್ಲಿ ತಂದೆಯ ಹೆಸರನ್ನು ನೇರವಾಗಿ ಬರೆದಳು, ಕೈ ನಡುಗಲಿಲ್ಲ. ಅವಳು ಹೊರಗೆ ಹೋದ ಮೇಲೆ ಆಫೀಸಿನಲ್ಲಿದ್ದವರೊಬ್ಬರು ತಗ್ಗಿದ ದನಿಯಲ್ಲಿ ಒಂದು ಮಾತು ಅಂದರು. ಕನ್ನಡದ್ದೇ ಮಾತು, ಇಂಗ್ಲಿಷಿನದಕ್ಕಿಂತ ಒರಟು. ಬಾಗಿಲ ಹೊರಗೆ ಹುಡುಗಿ ಚೀಲ ಹಿಡಿದು ನಿಂತಿದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ. ಮೂರು ವರ್ಷ ನನ್ನ ತರಗತಿಯಲ್ಲಿದ್ದಳು, ನಾನು ಕೇಳಲಿಲ್ಲ. ಆ ದಿನ ಆಫೀಸಿನವರಿಗೆ ಮಾತ್ರ, ಅವರನ್ನು ‘ತಾಯಿ’ ಎನ್ನಿ, ಅರ್ಜಿಯಲ್ಲಿ ಆ ಕಾಲಮ್ಮಿಗೆ ಅಷ್ಟೇ ಹೆಸರು ಎಂದೆ.

ನಮ್ಮಲ್ಲಿ ಈಗ ಸರ್ಕಾರದ ಕಾಗದಗಳಲ್ಲಿ ‘ಮುಖ್ಯ ಶಿಕ್ಷಕರು’ ಎಂದು ಬರೆಯುವುದು ಹೆಚ್ಚಾಗಿದೆ. ಗಂಡಿಗೂ ಅದೇ, ಹೆಣ್ಣಿಗೂ ಅದೇ. ನಮ್ಮ ಹಲಗೆ ಮಾತ್ರ ಹಳೆಯದು. ಬಣ್ಣ ಬಳಿಸುವಾಗ ಬದಲಾಯಿಸೋಣವೇ ಎಂದು ನಮ್ಮ ಹೆಡ್‌ಮಿಸ್ಟ್ರೆಸ್ಸರು ಕೇಳಿದರು. ಬೇಡ ಎಂದೆ. ಈ ಪದವನ್ನು ಹಾಳು ಮಾಡಿದವರು ಹಾಳು ಮಾಡಿದರೆಂದು ಅದರ ಒಳ್ಳೆಯ ಅರ್ಥದಲ್ಲಿ ಬದುಕಿದವರು ಖಾಲಿ ಮಾಡಿಕೊಂಡು ಹೋಗಬೇಕೆ? ಅವರು ನಕ್ಕು, ನೀವು ಇಂಗ್ಲಿಷಿನವರು, ನಿಮಗೆ ಎಲ್ಲಕ್ಕೂ ಒಂದು ವಾದ ಎಂದರು. ಹಲಗೆ ಇನ್ನೂ ಹಾಗೇ ಇದೆ.

ಮಾರ್ಟನ್ ಶಾಲೆಯ ಬಗ್ಗೆ ಹೇಳುವುದು ಉಳಿಯಿತು. ಆ ಒರಟು ಹುಡುಗಿಯರ ಬಗ್ಗೆ ಜೇನಳ ಮನಸ್ಸು ಬೇಗ ಬದಲಾಗುತ್ತದೆ. ಅವರ ಮನೆಗಳಿಗೆ ಹೋಗುತ್ತಾಳೆ, ಅವರು ಇವಳನ್ನು ಹಚ್ಚಿಕೊಳ್ಳುತ್ತಾರೆ. ಆಸ್ತಿ ಬಂದ ಸುದ್ದಿ ತಿಳಿದಾಗಲೂ ಇನ್ನೊಬ್ಬಳು ಸಿಗುವವರೆಗೆ ಈ ಕೆಲಸ ಬಿಡುವುದಿಲ್ಲವೆಂದು ಸೇಂಟ್ ಜಾನನಿಗೆ ಮಾತು ಕೊಡುತ್ತಾಳೆ. ಕ್ರಿಸ್‌ಮಸ್ ರಜೆಗೆ ಬಾಗಿಲು ಹಾಕುವ ದಿನ ಸಾಲಾಗಿ ಹೊರಗೆ ಹೋದ ಹುಡುಗಿಯರು ಅರವತ್ತು. ಇಪ್ಪತ್ತು ಅರವತ್ತಾಗಲು ಏನು ಪಾಡು ಪಡಬೇಕೆಂದು ಹಾಜರಿ ಪುಸ್ತಕ ಬರೆದವರಿಗೇ ಗೊತ್ತು. ಜೇನ್ ಬೀಗ ಹಾಕುತ್ತಾಳೆ. ವಾರಕ್ಕೊಮ್ಮೆ ಬಂದು ಒಂದು ಗಂಟೆ ಪಾಠ ಹೇಳುತ್ತೇನೆ ಎನ್ನುತ್ತಾಳೆ. ಆಮೇಲೆ ಕಥೆ ಅವಳ ಹಿಂದೆ ಹೊರಟುಹೋಗುತ್ತದೆ. ರಜೆ ಮುಗಿದ ಮೇಲೆ ಆ ಬೀಗ ತೆಗೆದವಳು ಯಾರು, ಅದೇ ಮೂವತ್ತು ಪೌಂಡಿಗೆ ಆ ಎರಡು ಕೋಣೆಯ ಮನೆಯಲ್ಲಿ ಎಷ್ಟು ವರ್ಷ ಇದ್ದಳು, ಆ ಮಕ್ಕಳಲ್ಲಿ ಎಷ್ಟು ಮಂದಿ ಬರೆಯಲು ಕಲಿತರು? ನಾನೂರು ಪುಟ ತಿರುವಿದರೂ ಅವಳ ಹೆಸರು ಸಿಗುವುದಿಲ್ಲ.